ಫ್ರಾನ್ಸಿಗೊಂದು ಮಳೆಯ ಹರಕೆ

ಜೂನ್ ತಿಂಗಳಲ್ಲಿ, ಅದೂ ನಮ್ಮ ಮಂಗಲ್ಪಾಡಿಯಲ್ಲಿ ನಿಂತುಕೊಂಡು, ಮಳೆ ಬರಲಿ ಎಂದು ದೇವರಿಗೆ ಹರಕೆ ಹೊರುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡ ಗಾಬರಿಗೆ ನನ್ನ ಕೈಯಲ್ಲಿದ್ದ ಕೊಡೆ ಜಾರಿ ಬಿದ್ದಿದೆ! ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು, ಬಾವಿಯ ನೀರನ್ನು ಬಗ್ಗಿ ಕೈಯಲ್ಲೇ ಮೊಗೆಯಬಹುದು, ಮನೆಯೊಳಗೆಲ್ಲ ಒಣಗದ ಬಟ್ಟೆಗಳ ಮುಗ್ಗು ವಾಸನೆ. ಇಂಥ ಹೊತ್ತಿನಲ್ಲಿ ನೆರೆಮನೆಯ ಪೊರ್ಬುಗಳು ತಮ್ಮ ಜಗಲಿಯ ಗೂಡಿನಲ್ಲಿರುವ ಸಂತ ಅಂತೋನಿಯ ಮುಂದೆ ಮೇಣದಬತ್ತಿ ಹಚ್ಚಿ, ‘ಒಂದು ಒಳ್ಳೆ ಮಳೆ ಕೊಡು ಸಾಯ್ಬಾ’ ಎನ್ನುತ್ತಿದ್ದರು!

ಪೊರ್ಬುಗಳು ಎಂದರೆ ಹೆಸರಲ್ಲ. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವುದೇ ಹಾಗೆ. ಅವರ ಹೆಂಡತಿ ಬಾಯಮ್ಮ. ಉಪ್ಪಳದ ಹೆದ್ದಾರಿ ಬದಿಯಲ್ಲಿ ಪೊರ್ಬುಗಳದ್ದು ಬಹಳ ಕಾಲದ ಪಂಕ್ಚರ್ ಅಂಗಡಿ. ರಸ್ತೆ ಅಗಲವಾದಾಗ ಅಂಗಡಿ ಹೋಯಿತು, ಆದರೆ ಟಯರಿನ ಹುಚ್ಚು ಹೋಗಲಿಲ್ಲ. ಕಂಡ ಟಯರನ್ನೆಲ್ಲ ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎಂದು ಕುಟ್ಟಿ, ತಲೆ ಓರೆ ಮಾಡಿ ಕಿವಿಗೊಟ್ಟು, ‘ಗಾಳಿ ಸರಿ ಉಂಟು’ ಎಂದು ತೀರ್ಪು ಕೊಡದಿದ್ದರೆ ಅವರಿಗೆ ತಿಂದ ಅನ್ನ ಕರಗುವುದಿಲ್ಲ. ಪಾದ್ರಿಗಳ ಸ್ಕೂಟರು, ಶಾಲೆಯ ಬಸ್ಸು, ಸತ್ತವರನ್ನು ಸಾಗಿಸುವ ಗಾಡಿ, ಯಾವುದನ್ನೂ ಬಿಟ್ಟವರಲ್ಲ.

ನಮ್ಮ ನಾದಿನಿಯ ಮದುವೆಯ ದಿನ ದಿಬ್ಬಣದ ಕಾರು ಹೊರಡಬೇಕು. ಹೆಣ್ಣು ಗಂಡು ಒಳಗೆ ಕೂತಾಗಿದೆ, ಅತ್ತೆಯವರು ಅತ್ತೂ ಆಗಿದೆ. ಅಷ್ಟರಲ್ಲಿ ಪೊರ್ಬುಗಳು ಹಿಂದಿನ ಚಕ್ರಕ್ಕೆ ಟಕ್ ಟಕ್ ಎಂದು ಕುಟ್ಟಿದರು. ಮುಖ ಗಂಭೀರವಾಯಿತು. ನಾವು ನೋಡನೋಡುತ್ತಿದ್ದಂತೆ ರೇಷ್ಮೆಯ ಜರಿ ಶಾಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮಂಡಿಯೂರಿ, ಜಾಕಿ ಕೊಟ್ಟು ಚಕ್ರವನ್ನೇ ಕಳಚಿದರು! ಕಾರಿನ ಜೊತೆ ಮದುಮಗಳೂ ಒಂದು ಕಡೆಯಿಂದ ಮೇಲೇರಿದಳು. ಗಂಡಿನ ಕಡೆಯವರು ಕಲ್ಲಾಗಿ ನಿಂತಿದ್ದರು. ಕೆಲಸ ಮುಗಿಸಿ ಎದ್ದ ಪೊರ್ಬುಗಳು ಮದುಮಗನ ಕೈಕುಲುಕಿ, ‘ಇನ್ನು ಐವತ್ತು ವರ್ಷಕ್ಕೆ ಹೆದರಿಕೆ ಇಲ್ಲ’ ಎಂದರು. ಹೇಳಿದ್ದು ಮದುವೆಗೋ ಟಯರಿಗೋ ನಮಗಿನ್ನೂ ತಿಳಿದಿಲ್ಲ. ಜರಿ ಶಾಲು ಮಾತ್ರ ಮಾವನವರದ್ದಾಗಿತ್ತು.

ಅಷ್ಟೇ ಏಕೆ, ನಮ್ಮ ಹಿತ್ತಲಿನ ಹಲಸಿನಕಾಯಿಯನ್ನೂ ಹಾಗೇ ಕುಟ್ಟಿ, ‘ಟೀಚರೇ, ಇದಕ್ಕೆ ಇನ್ನು ಸ್ವಲ್ಪ ಗಾಳಿ ಬೇಕು’ ಎಂದು ಶಾಲೆಯ ಟೀಚರಾದ ನನಗೇ ಪಾಠ ಹೇಳಿದವರು ಅವರು!

ಇಷ್ಟು ಟಯರಿನ ಪ್ರೀತಿ ಇರುವ ಮನುಷ್ಯನಿಗೆ ಒಬ್ಬಳೇ ಮಗಳು. ಹುಡುಗಿ ಅಂಗಡಿಯಲ್ಲೇ ಬೆಳೆದವಳು. ಅಪ್ಪನ ಪಕ್ಕ ಕೂತು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುವುದೇ ಅವಳ ಆಟ. ಆದರೆ ದೊಡ್ಡವಳಾದ ಮೇಲೆ ಅಪ್ಪ ಅವಳನ್ನು ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರಿಸಿದರು. ಅವಳು ಅದನ್ನು ಅರ್ಧಕ್ಕೆ ಬಿಟ್ಟು ಗ್ಯಾರೇಜಿನ ಕೆಲಸ ಕಲಿಯಲು ಹೋದಳು. ಆ ದಿನ ಅವರ ಮನೆಯಿಂದ ಕೇಳಿಬಂದ ಕೂಗಾಟಕ್ಕೆ ನಮ್ಮ ನಾಯಿ ಮಂಚದಡಿ ಸೇರಿತ್ತು. ‘ಈ ಕರಿ ಕೈಯ ಕೆಲಸ ನನ್ನ ತಲೆಮಾರಿಗೇ ಮುಗಿಯಬೇಕು ಅಂತ ಇದ್ದೆ. ಇನ್ನು ಅವಳ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ’ ಎಂದು ಪೊರ್ಬುಗಳು ಶಪಥ ಮಾಡಿದರು. ಹುಡುಗಿ ಹೊರದೇಶಕ್ಕೆ ಹೋದಳು, ವರ್ಷಗಳು ಕಳೆದವು, ಶಪಥ ಕದಲಲಿಲ್ಲ. ಮಗಳ ಫೋನು ಬಂದರೆ ಬಾಯಮ್ಮ ಅಡುಗೆಮನೆಯಲ್ಲಿ ಮಾತಾಡುತ್ತಿದ್ದರು. ಪೊರ್ಬುಗಳು ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ಇಲ್ಲದ ಕಳೆ ಕೀಳುತ್ತಿದ್ದರು.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ. ಆ ಜೂನಿನ ಒಂದು ಶನಿವಾರ ಸಂಜೆ ಪೊರ್ಬುಗಳು ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತರು.

‘ಟೀಚರೇ, ನಿಮ್ಮ ಟಿವಿಯಲ್ಲಿ ಇಂಟರ್ನೆಟ್ ಬರ್ತದಲ್ಲ? ಫ್ರಾನ್ಸಿನಲ್ಲಿ ಒಂದು ಕಾರು ರೇಸ್ ಉಂಟು. ಸ್ವಲ್ಪ ನೋಡ್ಲಿಕ್ಕಿತ್ತು.’

‘ನೋಡುವ. ಎಷ್ಟು ಹೊತ್ತಿನದ್ದು?’

‘ಇಪ್ಪತ್ತನಾಲ್ಕು ಗಂಟೆ.’

ಪಕ್ಕದಲ್ಲಿ ಕ್ರಿಕೆಟ್ ನೋಡುತ್ತಿದ್ದ ನನ್ನ ಯಜಮಾನರ ಬಾಯಿಂದ ಚಹಾ ಹೊರಗೆ ಬಂತು. ‘ಇಪ್ಪತ್ತನಾಲ್ಕು ಗಂಟೆ! ಅಷ್ಟು ದೂರ ಎಲ್ಲಿಗೆ ಹೋಗುವುದು ಮಾರಾಯ್ರೆ?’

‘ಎಲ್ಲಿಗೂ ಇಲ್ಲ. ಹೊರಟಲ್ಲಿಗೇ ಬರುವುದು.’

ಯಜಮಾನರು ರಿಮೋಟು ಕೊಟ್ಟ ರೀತಿ ನೋಡಬೇಕಿತ್ತು, ಆಸ್ತಿ ಬರೆದುಕೊಟ್ಟವರ ಹಾಗೆ! ರೇಸು ಶುರುವಾಯಿತು. ಕಾರುಗಳು ಝುಂಯ್ ಎಂದು ಹೋದವು, ಝುಂಯ್ ಎಂದು ಬಂದವು. ಪೊರ್ಬುಗಳಿಗೆ ಮಾತ್ರ ಯಾರು ಮುಂದೆ ಎನ್ನುವುದು ಬೇಕಿರಲಿಲ್ಲ. ಹಿಂದೆಲ್ಲೋ ಉಳಿದ ಒಂದು ಹಳದಿ ಕಾರಿನ ಮೇಲೆ ಕಣ್ಣು. ಜೊತೆಗೆ ಗಳಿಗೆಗೊಮ್ಮೆ, ‘ಮೋಡ ಉಂಟಾ ನೋಡಿ ಟೀಚರೇ, ಅಲ್ಲಿ ಮೂಲೆಯಲ್ಲಿ ಮೋಡ ಅಲ್ವಾ?’

‘ನಿಮಗೆ ಮಳೆ ಯಾಕೆ?’ ಎಂದೆ.

‘ಬಿಸಿಲಿಗೆ ನುಣುಪು ಟಯರು, ಮಳೆಗೆ ಗೀರಿನ ಟಯರು. ಬಿಸಿಲಿದ್ದರೆ ಒಂದೇ ಟಯರಿನಲ್ಲಿ ಎಷ್ಟು ಹೊತ್ತು ಬೇಕಾದರೂ ಎಳೆಯುತ್ತಾರೆ. ಕಾರು ಪಿಟ್ ಅಂತ ಆ ಶೆಡ್ಡಿಗೆ ಬರ್ತದೆ, ಪೆಟ್ರೋಲು ಕುಡಿದು ಹೋಗ್ತದೆ. ಟಯರಿನವರು ಹೊರಗೇ ಬರುವುದಿಲ್ಲ! ಅದೆಂತ ರೇಸು?’

ಟಯರು ಬದಲಿಸುವುದನ್ನು ನೋಡಲಿಕ್ಕೆ ರೇಸು ನೋಡುವವರೂ ಇದ್ದಾರೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಊಟದ ಹೊತ್ತಿಗೆ ಅವರನ್ನು ಹೇಗೋ ಮನೆಗೆ ಕಳಿಸಿದೆವು. ಮರುದಿನ ಬೆಳಿಗ್ಗೆ ಹಾಲು ತರಲು ಕೊಡೆ ಹಿಡಿದು ಹೊರಟಾಗಲೇ ಆ ಮೇಣದಬತ್ತಿ ನನ್ನ ಕಣ್ಣಿಗೆ ಬಿದ್ದದ್ದು, ಕೊಡೆ ಬಿದ್ದದ್ದು. ಅಷ್ಟಕ್ಕೂ ಅವರು ಬರೀ ಅಂತೋನಿಯನ್ನು ನಂಬಿ ಕೂತವರಲ್ಲ. ಎದುರಿನ ಅಂಗಡಿಯ ಹಾಜಿಯವರಿಗೆ ‘ನೀವೂ ಒಂದು ದುವಾ ಮಾಡಿ’ ಎಂದು ಹೇಳಿ, ಪೂಜೆ ಮುಗಿಸಿ ಮನೆಗೆ ಹೊರಟಿದ್ದ ಗಣಪತಿ ದೇವಸ್ಥಾನದ ಭಟ್ಟರನ್ನು ನಡುರಸ್ತೆಯಲ್ಲಿ ಹಿಡಿದರು.

‘ಭಟ್ರೇ, ಮಳೆ ಬರ್ಲಿಕ್ಕೆ ಒಂದು ಕಾಯಿ ಒಡೆಯಬೇಕಿತ್ತು.’

ಭಟ್ಟರು ಕೊಡೆಯಡಿಯಿಂದ ಮುಖ ಹೊರಹಾಕಿದರು. ‘ಪೊರ್ಬುಗಳೇ, ನನ್ನ ತೋಟದಲ್ಲಿ ಹೊಳೆ ಉಂಟು. ನಿಮಗೆ ಮಳೆ ಬೇಕಾ?’

‘ಇಲ್ಲಿಗೆ ಅಲ್ಲ, ಫ್ರಾನ್ಸಿಗೆ.’

ಭಟ್ಟರು ಸ್ವಲ್ಪ ಯೋಚಿಸಿ, ‘ಅದು ನಮ್ಮ ಪಂಚಾಯತಿಗೆ ಬರುವುದಿಲ್ಲ’ ಎಂದು ನಡೆದುಬಿಟ್ಟರು.

ಯಾವ ದೇವರು ಕೇಳಿಸಿಕೊಂಡರೋ, ಪೊರ್ಬುಗಳು ನಮ್ಮ ಸೋಫಾ ಸೇರುವ ಹೊತ್ತಿಗೆ ಫ್ರಾನ್ಸಿನಲ್ಲಿ ಮಳೆ! ಬಂದದ್ದೂ ಎಂಥ ಮಳೆ ಅಂತೀರಿ, ನಮ್ಮ ಕಡೆಯದ್ದೇ ದಾರಿ ತಪ್ಪಿ ಹೋದಂತಿತ್ತು. ರಸ್ತೆ ಕಾಣದು, ಕಾರುಗಳು ಜಾರಿ ಗೋಡೆಗೆ ಒರಗುತ್ತಿವೆ. ಕೊನೆಗೆ ‘ಸೇಫ್ಟಿ ಕಾರು’ ಅಂತ ಒಂದು ದೀಪ ಮಿಣುಕಿಸುತ್ತ ಮುಂದೆ ಬಂತು. ಉಳಿದವು ಅದನ್ನು ದಾಟುವಂತಿಲ್ಲ, ಸಾಲಾಗಿ ನಿಧಾನಕ್ಕೆ ಹಿಂದೆ ಬರಬೇಕು. ಒಂದು ಗಂಟೆಯಾಯಿತು, ಎರಡಾಯಿತು. ನಿಧಾನಕ್ಕೆ ಹೋದರೆ ಟಯರು ಸವೆಯುವುದಿಲ್ಲವಂತೆ, ಹಳದಿ ಕಾರು ಟಯರು ಬದಲಿಸಲು ಬರುವ ಸುದ್ದಿಯೇ ಇಲ್ಲ.

‘ಇದು ರೇಸಾ? ನಮ್ಮ ಹೈವೇ ಕೆಲಸದ ಸರ್ವೀಸ್ ರೋಡಿನಲ್ಲಿ ಬಸ್ಸು ಇದಕ್ಕಿಂತ ಬೇಗ ಹೋಗ್ತದೆ’ ಎಂದರು ಯಜಮಾನರು.

ಪೊರ್ಬುಗಳು ಎದ್ದು ಕಿಟಕಿಯ ಹತ್ತಿರ ಹೋಗಿ, ತಮ್ಮ ಜಗಲಿಯ ಸಂತನ ಕಡೆಗೆ ಬೆರಳು ತೋರಿಸಿ ಗದರಿದರು. ‘ಮಳೆ ಕೇಳಿದ್ದು ನಿನ್ನಲ್ಲಿ! ಪ್ರಳಯ ಯಾರು ಕೇಳಿದ್ದು? ಸ್ವಲ್ಪ ಕಡಿಮೆ ಮಾಡು!’ ಗದರಿದ ಬೆನ್ನಿಗೇ ಕೈಮುಗಿದರು. ಆಟ ನೋಡುವವರು ಹಾಗೆ ಅಂಗಲಾಚುತ್ತಾರೆಯೇ? ನನಗೆ ಮೊದಲ ಬಾರಿಗೆ ನಗು ನಿಂತಿತು.

ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ರಾತ್ರಿಯೇ ದುಡಿದು ಸುಸ್ತಾಗಿತ್ತು, ಕುಂಯ್ ಎಂದು ಅದೂ ಕಣ್ಣು ಮುಚ್ಚಿತು. ಪೊರ್ಬುಗಳು ಮಳೆಗೆ ಇಳಿದರು. ಹಿಂತಿರುಗಿದಾಗ ಮಗುವನ್ನು ಎತ್ತಿಕೊಂಡವರಂತೆ ಎದೆಗೆ ಅವುಚಿಕೊಂಡಿದ್ದರು, ಒಂದು ಬ್ಯಾಟರಿ!

‘ಎಲ್ಲಿಂದ ತಂದ್ರಿ?’ ಯಜಮಾನರು ಕೇಳಿದರು.

‘ನಿಮ್ಮ ಕಾರಿನದ್ದೇ. ಇವತ್ತು ಭಾನುವಾರ ಅಲ್ವಾ, ನೀವು ಎಲ್ಲಿಗೆ ಹೋಗ್ಲಿಕ್ಕುಂಟು?’

ಯಜಮಾನರು ಕುಸಿದು ಕೂತರು. ಆದರೆ ಅದನ್ನು ಇನ್ವರ್ಟರಿಗೆ ಸಿಕ್ಕಿಸಿದ್ದೇ ಟಿವಿ ಬಂತು. ಜೊತೆಗೆ ಫ್ರಾನ್ಸಿನ ಮಳೆಯೂ ತಗ್ಗಿತ್ತು! ಸೇಫ್ಟಿ ಕಾರು ಬದಿಗೆ ಸರಿದಿತ್ತು, ಕಾರುಗಳು ಒಂದರ ಹಿಂದೊಂದು ಶೆಡ್ಡಿಗೆ ನುಗ್ಗುತ್ತಿದ್ದವು. ಹಳದಿ ಕಾರೂ ಬಂತು. ತಲೆಯಿಂದ ಕಾಲವರೆಗೆ ಕವಚ ತೊಟ್ಟು, ಹೆಲ್ಮೆಟ್ ಹಾಕಿದವರು ಹೊರಗೆ ಓಡಿದರು. ಯಾರ ಮುಖವೂ ಕಾಣದು. ಗರ್ರ್ ಎಂದು ಹಳೆ ಚಕ್ರ ಕಳಚಿತು, ಹೊಸ ಗೀರಿನ ಚಕ್ರ ಕೂತಿತು. ಎಲ್ಲರೂ ಹಿಂದೆ ಸರಿದರು. ಹಿಂದಿನ ಚಕ್ರದ ಹತ್ತಿರ ಇದ್ದ ಒಂದು ಗಿಡ್ಡ ಆಕೃತಿ ಮಾತ್ರ, ಸರಿಯುವ ಮೊದಲು ಬೆರಳ ಗೆಣ್ಣಿನಿಂದ ಟಯರಿಗೆ ಕುಟ್ಟಿತು. ಟಕ್ ಟಕ್. ತಲೆ ಕೊಂಚ ಓರೆಯಾಯಿತು.

ತಿರುಗಿ ನೋಡಿದರೆ ಪೊರ್ಬುಗಳ ತಲೆಯೂ ಓರೆಯಾಗಿತ್ತು.

‘ಗಾಳಿ ಸರಿ ಉಂಟು’ ಎಂದರು, ಯಾರಿಗೂ ಅಲ್ಲ ಎಂಬಂತೆ. ಕಣ್ಣು ತುಂಬಿ ಹರಿಯುತ್ತಿತ್ತು. ಕಾರು ಹೊರಟಿತು, ಆಕೃತಿ ಒಳಗೆ ಹೋಯಿತು. ‘ಮಳೆ ಬಂದರೆ ಮಾತ್ರ ಅವಳು ಹೊರಗೆ ಬರುವುದು ಟೀಚರೇ’ ಎಂದು ಮುಖ ಒರೆಸಿಕೊಂಡರು. ಕಿಟಕಿಯ ಹೊರಗೆ ಕಳೆ ಕಿತ್ತದ್ದೆಲ್ಲ ಏಕೆಂದು ನನಗೆ ಆಗ ತಿಳಿಯಿತು. ಮಗಳು ಯಾವ ಕಾರಿನ ಟಯರಿನವಳು ಎಂಬ ಸುದ್ದಿ ಸಿಕ್ಕಿದ್ದು ಅಲ್ಲಿಂದಲೇ. ನನಗೂ ಅಳು ತಡೆಯಲಿಲ್ಲ.

ಗಂಡನನ್ನು ಊಟಕ್ಕೆ ಕರೆಯಲು ಬಂದ ಬಾಯಮ್ಮ ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು. ‘ಅವಳನ್ನು ನೋಡ್ಲಿಕ್ಕೆ ಫ್ರಾನ್ಸಿನಲ್ಲಿ ಮಳೆ ಯಾಕೆ ಬರಬೇಕು? ನಂಬರು ನನ್ನಲ್ಲಿ ಉಂಟಲ್ಲ’ ಎಂದರು.

‘ನಾನು ಎಂತ ಹೇಳುವುದು?’ ಪೊರ್ಬುಗಳ ದನಿಯ ಗಾಳಿ ಪೂರ್ತಿ ಹೋಗಿತ್ತು.

ಸಂಜೆ ರೇಸು ಮುಗಿಯಿತು. ಪೊರ್ಬುಗಳು ಚಪ್ಪಲಿ ಹುಡುಕಿ ಮೆಲ್ಲನೆ ಜಾರಿಕೊಳ್ಳಲು ನೋಡಿದರು. ಬಾಯಮ್ಮ ಬಾಗಿಲಿಗೆ ಅಡ್ಡ ನಿಂತು, ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟರು. ಆ ಕಡೆಯಿಂದ ಗದ್ದಲದ ನಡುವೆ ‘ಮಮ್ಮಿ?’ ಎಂಬ ದನಿ. ಪೊರ್ಬುಗಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಶಪಥ ಮಾಡಿದ ಬಾಯಿ, ಅಷ್ಟು ಸುಲಭಕ್ಕೆ ತೆರೆದುಕೊಳ್ಳುತ್ತದೆಯೇ? ಕೊನೆಗೆ ಬೆರಳು ಮಡಚಿ, ಫೋನಿನ ಬೆನ್ನಿಗೆ ಎರಡು ಸಲ ಕುಟ್ಟಿದರು.

ಆ ಕಡೆ ಬಾಗಿಲೊಂದು ಮುಚ್ಚಿ ಗದ್ದಲ ಫಕ್ಕನೆ ನಿಂತಿತು. ಫೋನು ಕಡಿಯಿತೇನೋ ಎಂದು ನಾವು ಹೆದರಿದೆವು. ಆಮೇಲೆ ಕೇಳಿಸಿತು, ಸ್ಪಷ್ಟವಾಗಿ, ಎರಡು ಸಲ: ಟಕ್ ಟಕ್.

‘ಅಲ್ಲಿ ಮಳೆ ನಿಂತಿತಾ ಮಗಾ?’ ಎಂದು ಪೊರ್ಬುಗಳು ಕೊಂಕಣಿಯಲ್ಲಿ ಕೇಳಿದರು.

ನಾವು ಮೆಲ್ಲನೆ ಜಗಲಿಗೆ ಬಂದು ಬಾಗಿಲು ಎಳೆದುಕೊಂಡೆವು. ಒಳಗೆ ಟಿವಿಯಲ್ಲಿ ಯಾರೋ ಕುಣಿಯುತ್ತಿದ್ದರು. ಇಪ್ಪತ್ತನಾಲ್ಕು ಗಂಟೆ ಓಡಿ ಗೆದ್ದವರು ಯಾರೆಂದು ನೋಡಲು ನಮಗೆ ಯಾರಿಗೂ ನೆನಪೇ ಆಗಲಿಲ್ಲ.