ಒಂಬತ್ತನೇ ಶನಿವಾರದ ಎಣ್ಣೆಯೂ ಯಜಮಾನರ ಚಾಕುವೂ

ಹರಕೆ ಹೊತ್ತವರು ಕೋಪ ಮಾಡಿಕೊಳ್ಳಬಾರದು ಅಂತ ನನಗೂ ಗೊತ್ತು. ಆದರೆ ದೀಪದ ಎಣ್ಣೆಗೇ ಕಾದ ಚಾಕು ಅದ್ದುವ ಗಂಡನನ್ನು ಕಟ್ಟಿಕೊಂಡವಳು ಏನು ಮಾಡಬೇಕು ಹೇಳಿ. ಯಜಮಾನರ ಕಣ್ಣಿನ ಪೊರೆ ತೆಗೆಸಿದಾಗ, ದೃಷ್ಟಿ ಚೆನ್ನಾಗಿ ಬಂದರೆ ಒಂಬತ್ತು ಶನಿವಾರ ಉಪವಾಸವಿದ್ದು ಆಂಜನೇಯನಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತೇನೆ ಅಂದುಕೊಂಡಿದ್ದೆ. ದೃಷ್ಟಿ ಬಂತು, ಸ್ವಾಮಿ ದೊಡ್ಡವನು. ಬಂದ ದೃಷ್ಟಿಯಲ್ಲಿ ಇವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಮೊಬೈಲಿನಲ್ಲಿ ಮನೆಯಲ್ಲೇ ಚಾಕು ಮಾಡುವ ವಿಡಿಯೋವನ್ನು. ಅಲ್ಲಿಂದ ಶುರು ನೋಡಿ. ಗುಜರಿಯಿಂದ ಕಬ್ಬಿಣ ಉಜ್ಜುವ ಒಂದು ಹಳೇ ಅರ ಬಂತು. ಅದನ್ನು ಉಜ್ಜಿ ಉಜ್ಜಿ ಚಾಕುವಿನ ಆಕಾರಕ್ಕೆ ತಂದರು. ತಣಿಸಂದ್ರದ ನಮ್ಮ ಬೀದಿಯಲ್ಲಿ ಎಲ್ಲರ ತಾರಸಿ ಮೇಲೂ ಬಟ್ಟೆ ಒಣಗುತ್ತವೆ, ನಮ್ಮ ತಾರಸಿ ಮೇಲೆ ಮಾತ್ರ ಕುಲುಮೆ.

ಕುಲುಮೆ ಅಂದರೆ ದೊಡ್ಡದೇನೂ ಅಲ್ಲ. ತುಳಸಿ ಕಟ್ಟೆಯ ಸುತ್ತ ನಾನು ಜೋಡಿಸಿದ್ದ ಇಟ್ಟಿಗೆ, ಇಸ್ತ್ರಿಯವನ ಹತ್ತಿರ ತಂದ ಇದ್ದಿಲು. ಗಾಳಿ ಹಾಕಲು ತಿದಿ ಎಲ್ಲಿಂದ ಬರಬೇಕು? ನಾನು ತಲೆ ಒಣಗಿಸಿಕೊಳ್ಳುವ ಡ್ರೈಯರ್ ಇತ್ತಲ್ಲ! ಉಕ್ಕು ಸಾಕಷ್ಟು ಕಾದಿದೆಯೋ ಇಲ್ಲವೋ ನೋಡಲು ಫ್ರಿಜ್ಜಿನ ಬಾಗಿಲ ಮೇಲಿದ್ದ ಅಯಸ್ಕಾಂತದ ಗಣಪನನ್ನೂ ಕಿತ್ತುಕೊಂಡು ಹೋಗಿದ್ದರು. "ಕೆಂಪಗೆ ಕಾದ್ಮೇಲೆ ಅಯಸ್ಕಾಂತ ಅಂಟ್ಕೊಳಲ್ಲ ಕಣೇ, ಆಗ ಎಣ್ಣೆಗೆ ಅದ್ದಬೇಕು. ಒಂದು ಕಾಸು ಖರ್ಚಿಲ್ಲ" ಅಂತ ಹೆಮ್ಮೆ ಬೇರೆ. ಖರ್ಚಾಗಿದ್ದೆಲ್ಲ ನನ್ನ ಸಾಮಾನು ತಾನೇ!

ಒಂಬತ್ತನೇ ಶನಿವಾರ ಮಡಿಯಲ್ಲಿ ಬಂದು ನೋಡುತ್ತೇನೆ, ದೇವರ ಮನೆಯ ಎಣ್ಣೆ ಡಬ್ಬ ಇಲ್ಲ. ತಾರಸಿಯಿಂದ ಕಮಟು ವಾಸನೆ. ಹತ್ತಿ ಹೋದರೆ ಡಬ್ಬದ ಬಾಯಿ ಕೊಯ್ದು ಅಗಲ ಮಾಡಿದ್ದಾರೆ, ಒಳಗೆ ಎಣ್ಣೆ ಕರ್ರಗೆ ಹೊಗೆಯಾಡುತ್ತಿದೆ.

"ರೀ, ಅದು ದೇವರದು!"

"ಸ್ವಲ್ಪ ಅದ್ದಿದ್ದಷ್ಟೇ. ಸೋಸಿಕೊಂಡ್ರೆ ಆಯ್ತು."

"ಆಂಜನೇಯನಿಗೆ ಸೋಸಿದ ಎಣ್ಣೆನಾ? ಕಣ್ಣು ಯಾರ್ದು, ಉಪವಾಸ ಯಾರ್ದು? ಈಗ್ಲೇ ಯಲಹಂಕದ ಗಾಣಕ್ಕೆ ಹೋಗಿ. ದೀಪ ಹಚ್ಚೋವರೆಗೂ ನಾನು ಒಂದು ಹನಿ ನೀರೂ ಕುಡಿಯಲ್ಲ!"

ಹೊರಟರು. ಹೊರಡುವ ಮುಂಚೆ ಆ ಚಾಕುವನ್ನು ನಾನು ಬಿಸ್ಕತ್ತು ಮಾಡುವ ಓವನ್ನಿಗೆ ತುರುಕಿ, "ಎಣ್ಣೆಗೆ ಅದ್ದಿದ್ಮೇಲೆ ಗಾಜಿನ ಥರ ಪಟ್ ಅಂತ ಮುರಿಯೋ ಹಾಗಿರುತ್ತೆ. ಸಣ್ಣ ಕಾವಲ್ಲಿ ಎರಡು ಗಂಟೆ ಇದ್ರೇನೇ ಹದ. ಮುಟ್ಬೇಡ" ಅಂದರು. ನೋಡಿ, ಹೆಂಡತಿ ಹೊಟ್ಟೆಗಿಲ್ಲದೆ ನಿಂತಿದ್ದಾಳೆ, ಆರೈಕೆ ಚಾಕುವಿಗೆ! ಸ್ಕೂಟರ್ ಬೀದಿ ತಿರುಗಿದ ಮೇಲೆ ಓವನ್ನಿನ ಸ್ವಿಚ್ ಆರಿಸಿದೆ. ಅಷ್ಟು ಸಮಾಧಾನ ನನಗೆ ಯಾವ ಸ್ತೋತ್ರದಲ್ಲೂ ಸಿಕ್ಕಿರಲಿಲ್ಲ. ಎರಡು ಗಂಟೆ ಕಳೆದ ಮೇಲೆ ಸ್ಕೂಟರ್ ಸದ್ದು ಕೇಳಿದ್ದೇ ಓಡಿ ಹೋಗಿ ಮತ್ತೆ ಹಾಕಿದೆ.

ಬೆವರು ಸುರಿಸುತ್ತಾ ಬಂದರು, ಪಾಪ. ಕೈಯಲ್ಲಿ ಹೊಸ ಡಬ್ಬ. ಪುಣ್ಯಕ್ಕೆ ಬೆಳಗಿನ ಹೊತ್ತು ಇನ್ನೂ ಮೀರಿರಲಿಲ್ಲ. "ಮೊದಲನೇ ಕೆಲಸ ದೇವರದ್ದೇ ಆಗ್ಲಿ" ಅಂತ ಓವನ್ನಿನಿಂದ ಚಾಕು ತೆಗೆದು, ಹಿಡಿಗೆ ಬಟ್ಟೆ ಸುತ್ತಿ, ದೇವರ ಮನೆಯ ಬಾಗಿಲಲ್ಲೇ ಕೂತು ಡಬ್ಬದ ಮುಚ್ಚಳಕ್ಕೆ ತುದಿ ಕೊಟ್ಟು ಮೀಟಿದರು. ಟಿಕ್ ಅಂತು. ಮುಚ್ಚಳ ಎದ್ದಿತು, ಜೊತೆಗೆ ಚಾಕುವಿನ ತುದಿಯೂ ಹಾರಿಹೋಯಿತು.

ಅವರು ಕೂಗಾಡಿದ್ದರೆ ನನಗೂ ಕೂಗಲು ಮಾತಿತ್ತು. ಕೂಗಲಿಲ್ಲ. ಮುರಿದ ಚಾಕುವನ್ನು ಹೊಸ ಕಣ್ಣಿನ ಹತ್ತಿರ ಹಿಡಿದು, "ಎರಡು ಗಂಟೆ ಇಟ್ಟಿದ್ನಲ್ಲೇ..." ಅಂದರು, ಮಗುವಿನ ಥರ.

"ಮಧ್ಯೆ ಕರೆಂಟ್ ಹೋಗಿತ್ತು" ಅಂದುಬಿಟ್ಟೆ. ಅದೂ ಆಂಜನೇಯನ ಎದುರಿಗೇ, ಕೈಯಲ್ಲಿ ಬತ್ತಿ ಹಿಡಿದುಕೊಂಡು.

ದೀಪ ಹಚ್ಚಿದೆ, ಹರಕೆ ಮುಗಿಯಿತು. ಆದರೆ ಮುಂದಿನ ಶನಿವಾರವೂ ಉಪವಾಸ ಕೂತೆ. "ಒಂಬತ್ತೇ ಅಲ್ವೇನೇ ಹರಕೆ? ಇದು ಯಾಕೆ?" ಅಂತ ಕೇಳಿದರು. ಇನ್ನೊಂದು ಅರ ಉಜ್ಜುತ್ತಾ ಕೂತಿದ್ದರು. "ನಿಮ್ಮ ಕಣ್ಣು ಇನ್ನೂ ಚೆನ್ನಾಗಿರ್ಲಿ ಅಂತ" ಅಂದೆ. ಅದೂ ಸುಳ್ಳೇ ತಾನೇ? ಅದಕ್ಕೇ ಹನ್ನೊಂದನೇ ಶನಿವಾರಕ್ಕೂ ಬತ್ತಿ ಹೊಸೆದಿಟ್ಟಿದ್ದೇನೆ. ಎಣ್ಣೆ ಡಬ್ಬ ಬೀರುವಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ.