ಲೆಕ್ಕದ ಪಾಠದ ಪಕ್ಕದಲ್ಲೊಂದು ಜಾಹೀರಾತು

ಬ್ಲಾಗಿಗೆ ಜಾಹೀರಾತು ಹಾಕಿಸಿದರೆ ದುಡ್ಡು ಬರುತ್ತಾ ಅಂತ ಈಗಲೂ ವಾರಕ್ಕೊಬ್ಬರು ನನ್ನನ್ನು ಕೇಳುತ್ತಾರೆ. ದುಡ್ಡಿನ ವಿಷಯ ಆಮೇಲೆ, ಫಜೀತಿಯಂತೂ ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತದೆ.

ನಾನು ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಅತಿಥಿ ಶಿಕ್ಷಕಿ. ಮನೆ ನಂಜನಗೂಡು. ಅತಿಥಿ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ, ನಮ್ಮ ಕಡೆ ಅತಿಥಿಗೆ ಊಟವಾದರೂ ಹಾಕುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಸಂಬಳವೇ ಇಲ್ಲ. ಒಂದು ಬೇಸಿಗೆಯಲ್ಲಿ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು ಮೂವತ್ತು ಸೀರೆ ಬಿಚ್ಚಿಸಿ, ಕೊನೆಗೆ "ಅಯ್ಯೋ ನೀವಾ ಮಿಸ್, ಗೊತ್ತೇ ಆಗ್ಲಿಲ್ಲ ಕಣ್ರೀ" ಅಂತ ಒಂದನ್ನೂ ಕೊಳ್ಳದೆ ಎದ್ದು ಹೋದರು. ಅವತ್ತು ಮನೆಗೆ ಬಂದು ಅತ್ತಿದ್ದೆ. ಮುಂದಿನ ಬೇಸಿಗೆಗೆ ಸತ್ತರೂ ಆ ಅಂಗಡಿ ಮೆಟ್ಟಿಲು ಹತ್ತಲ್ಲ ಅಂತ ಹಟ ಹಿಡಿದೆ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕನ್ನಡದಲ್ಲಿ ಲೆಕ್ಕದ ಪಾಠ ಬರೆಯುವ ಬ್ಲಾಗು ನನ್ನದೊಂದಿತ್ತು. ಓದುವವರೂ ಇದ್ದರು. ಅದಕ್ಕೆ ಜಾಹೀರಾತು ಹಾಕಿಸಿದೆ. ನೂರು ಡಾಲರ್ ತುಂಬುವವರೆಗೆ ಜಾಹೀರಾತಿನ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಬೇಸಿಗೆಯೊಳಗೆ ತುಂಬಿದರೆ ಹಾಲು, ರೇಷನ್ನಿಗಾದರೂ ಆಯಿತು ಅಂದುಕೊಂಡೆ.

ಹದಿಮೂರಕ್ಕೊಂದು ರಾಜ

ಮೊದಲು ಹಾಕಿದ್ದು ಸಂಭವನೀಯತೆಯ ಪಾಠ. ಐವತ್ತೆರಡು ಇಸ್ಪೀಟೆಲೆಯಲ್ಲಿ ಒಂದನ್ನು ತೆಗೆದರೆ ಅದು ರಾಜನಾಗುವ ಸಂಭವ ಹದಿಮೂರರಲ್ಲಿ ಒಂದು. ಪುಸ್ತಕದಲ್ಲೇ ಇರುವ ಲೆಕ್ಕ, ನನ್ನ ಸ್ವಂತದ್ದಲ್ಲ. ಅದರ ಕೆಳಗೇ ಕಂಪನಿಯವರು ರಮ್ಮಿ ಆಟದ ಜಾಹೀರಾತು ತಂದು ಕೂರಿಸಿದರು. ಅಂಥವು ಧಾರಾಳವಾಗಿ ಬರುತ್ತಿದ್ದ ಕಾಲ ಅದು.

ವಾರದೊಳಗೆ ಒಬ್ಬ ತಂದೆ ಫೋನು ಹಿಡಿದುಕೊಂಡು ಸ್ಕೂಲಿಗೇ ಬಂದರು.

"ಮೇಡಂ, ಎಂಟ್ನೂರು ರೂಪಾಯಿ ಓಯ್ತು."

"ನಿಮ್ಮ ಮಗ ಆಡಿಬಿಟ್ಟನಾ?" ಅಂದೆ.

"ಅವನ್ಯಾಕೆ ಆಡ್ತಾನೆ, ಅವನು ಪಾಠನೇ ಓದಲ್ಲ. ನಾನೇ ಓದ್ದೆ. ಹದ್ಮೂರಕ್ಕೊಂದ್ಸಲ ರಾಜ ಬತ್ತಾನೆ ಅಂತ ಬರ್ದಿದ್ರಿ, ಕೆಳಗೇ ಆಟನೂ ಮಡಗಿದ್ರಿ. ಅಭ್ಯಾಸಕ್ಕೆ ಕೊಟ್ಟವ್ರೆ ಅಂತ ಆಡ್ದೆ. ಒಂದ್ಸಲಾನೂ ಸರ್ಯಾಗಿ ಬರ್ಲಿಲ್ಲ. ಇಂಥ ಲೆಕ್ಕ ನಮ್ ಮಕ್ಳಿಗೆ ಹೇಳ್ಕೊಡ್ತಾ ಇದೀರಲ್ಲ?"

ಹೆಡ್‌ಮಾಸ್ಟರ ದೂರು

ಈ ಸುದ್ದಿ ಹೆಡ್‌ಮಾಸ್ಟರ ಕಿವಿಗೆ ಬಿತ್ತು. ಬ್ಲಾಗನ್ನು ತಾವೇ ಪರಿಶೀಲಿಸಿದರಂತೆ. ಮಾರನೇ ದಿನ ತುಂಬಿದ ಸ್ಟಾಫ್ ರೂಮಿನಲ್ಲಿ ನನ್ನನ್ನು ನಿಲ್ಲಿಸಿದರು.

"ಏನ್ರೀ ಇದು? ತ್ರಿಕೋನಮಿತಿ ತೆಗೆದರೂ ಅದೇ, ವೃತ್ತ ತೆಗೆದರೂ ಅದೇ. ಎರಡನೇ ಮದುವೆಗೆ ವಧು ಬೇಕೇ ಅಂತ ಕೇಳುತ್ತೆ. ಮಕ್ಕಳು ನೋಡೋ ಜಾಗದಲ್ಲಿ ಎಂಥದಿದು? ಇನ್ನೊಂದು ದೂರು ಬಂದರೆ ಬರೋ ವರ್ಷ ನಿಮ್ಮ ಹೆಸರು ಕಳಿಸೋದಿಲ್ಲ."

ಕೆಲಸವೇ ಹೋಗುತ್ತದಲ್ಲಾ ಅಂತ ಹೆದರಿ ನನಗೆ ತಿಳಿದದ್ದನ್ನು ಗಡಿಬಿಡಿಯಲ್ಲಿ ಹೇಳಿಬಿಟ್ಟೆ. "ಸಾರ್, ಜಾಹೀರಾತು ನಾನು ಆರಿಸೋದಲ್ಲ. ಯಾರ್‍ಯಾರು ಅವರವರ ಫೋನಲ್ಲಿ ಏನು ಹುಡುಕಿರ್ತಾರೋ, ಅವರವರಿಗೆ ಅದೇ ಬರುತ್ತೆ."

ಸಮಾಜ ವಿಜ್ಞಾನದ ಮೇಡಂ ತಮ್ಮ ಫೋನು ತೆಗೆದು ನೋಡಿ, "ನನಗೆ ಕುಕ್ಕರ್ ಬಂದಿದೆ ಸಾರ್" ಅಂದರು.

ಅರಿಸಿನ

ದುಡ್ಡು ಕಳಿಸುವ ಮೊದಲು ವಿಳಾಸ ನಿಜವೋ ಸುಳ್ಳೋ ನೋಡಲು ಕಂಪನಿ ಅಂಚೆಯಲ್ಲಿ ಒಂದು ಗುಟ್ಟಿನ ನಂಬರು ಕಳಿಸುತ್ತದೆ. ಅದನ್ನು ತುಂಬದಿದ್ದರೆ ಕಾಸಿಲ್ಲ. ಆ ಕಾಗದ ಬಂದ ದಿನ ನಾನು ಸ್ಕೂಲಿನಲ್ಲಿದ್ದೆ. ಸಂಜೆ ಬರುತ್ತಿದ್ದಂತೆ ಅತ್ತೆ ಮುಖವರಳಿಸಿ, "ನಿನ್ ಸಂಪಾದ್ನೆ ಕಾಗ್ದ ಬಂದೈತೆ ಕಣವ್ವ, ದೇವ್ರ ಮುಂದೆ ಮಡಗಿವ್ನಿ" ಅಂದರು.

ಬರಿದೇ ಇಟ್ಟಿರಲಿಲ್ಲ. ಬಿಡಿಸಿ, ನಡುಮಧ್ಯಕ್ಕೆ ಕಲಸಿದ ಅರಿಸಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಿದ್ದರು. ಆರಂಕಿಯಲ್ಲಿ ಮೂರು ಅದರಡಿ ಸೇರಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಉಳಿದ ಮೂರೂ ಅಳಿಸಿಹೋದವು. ಮತ್ತೊಂದು ಕಾಗದಕ್ಕೆ ಬರೆದುಕೊಂಡು ತಿಂಗಳುಗಟ್ಟಲೆ ಕಾಯಬೇಕಾಯಿತು.

"ಅತ್ತೆ, ಅದು ಚೆಕ್ಕಲ್ಲ, ಬರೀ ನಂಬರು" ಅಂದೆ.

ಅತ್ತೆಗೆ ನನಗಿಂತ ಹೆಚ್ಚು ಹೊಟ್ಟೆ ಉರಿಯಿತು. "ಬರೀ ನಂಬರ್‍ಗಾ ನಾನು ಕಾಯಿ ಒಡ್ದಿದ್ದು?"

ಮುಯ್ಯಿ

ಮಾರ್ಚ್ ಹೊತ್ತಿಗೆ ತೊಂಬತ್ತಾರು ಡಾಲರ್ ಆಗಿತ್ತು. ಇನ್ನು ನಾಲ್ಕು. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ, ಅದು ಅಲ್ಲಾಡುತ್ತಿರಲಿಲ್ಲ. ನನ್ನ ಒದ್ದಾಟ ಅತ್ತೆಗೆ ನೋಡಲಾಗಲಿಲ್ಲ.

ನಮ್ಮ ಕಡೆ ಮುಯ್ಯಿ ಅಂತ ಒಂದಿದೆ. ಕಾರ್ಯದ ಮನೆಗೆ ಹೋದವರು ಕೈಲಾದಷ್ಟು ಕೊಟ್ಟು ಬರೆಸುತ್ತಾರೆ. ಬರೆಸಿಕೊಂಡವರು ಕೊಟ್ಟವರ ಮನೆಯ ಕಾರ್ಯಕ್ಕೆ ಅದನ್ನು ತಪ್ಪದೆ ತಿರುಗಿಸಬೇಕು. ತಾಂಡವಪುರದಲ್ಲಿ ಚಿಕ್ಕತ್ತೆ, ಅಂದರೆ ನಮ್ಮತ್ತೆಯ ತಂಗಿ, ಮಗಳ ಸೀಮಂತ ಇಟ್ಟುಕೊಂಡಿದ್ದರು. ಸ್ಕೂಲಿದ್ದದ್ದರಿಂದ ನಾನು ಹೋಗಲಿಲ್ಲ, ಅತ್ತೆ ಹೋದರು. ಊಟವಾದ ಮೇಲೆ ಹೆಂಗಸರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದರಂತೆ: "ನಮ್ ಸೊಸೆ ಪಾಠದ ಪಕ್ಕ ಬೊಂಬೆ ಬತ್ತವೆ. ಅವನ್ನ ಒತ್ತುದ್ರೆ ಅವ್ಳಿಗೆ ಕಾಸು. ನಾನು ನಿಮ್ಮೆಲ್ಲರ ಮನೆಗೂ ಮುಯ್ಯಿ ಮಾಡಿವ್ನಿ, ನೀವೂ ಒಸಿ ಒತ್ರವ್ವ."

ಒತ್ತಿದರು. ಒಂದೇ ಮನೆಯ ವೈಫೈನಲ್ಲಿ, ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನವೆಲ್ಲ ಒತ್ತಿದರು. ಸಂಜೆ ನೋಡಿದರೆ ನೂರಾ ಮೂವತ್ತು ಡಾಲರ್. ನಾನು ಅಡಿಗೆಮನೆಯಲ್ಲಿ ನಿಂತು ಖುಷಿಗೆ ಗಳಗಳನೆ ಅತ್ತುಬಿಟ್ಟೆ. ಅತ್ತೆ ನನ್ನ ತಲೆ ಸವರಿದರು.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಕಂಪನಿಯ ಮೇಲ್ ಬಂತು. ಅಕ್ರಮ ಕ್ಲಿಕ್ಕು, ಖಾತೆ ರದ್ದು, ಇದ್ದ ಹಣವೂ ವಜಾ. ಮುಯ್ಯಿ ಅಂದರೇನು, ನಮ್ಮ ಜನ ಮೋಸಗಾರರಲ್ಲ, ಪ್ರೀತಿಗೆ ಒತ್ತಿದರು ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಎರಡು ನಿಮಿಷಕ್ಕೆ ಉತ್ತರ ಬಂತು, ತೀರ್ಮಾನ ಬದಲಾಗುವುದಿಲ್ಲ ಅಂತ. ವರ್ಷವಿಡೀ ಬರೆದ ಪಾಠ, ಅದರ ಕೂಲಿ, ಎಲ್ಲ ಅಲ್ಲಿಗೆ ಮುಗಿಯಿತು. ಅತ್ತೆಯನ್ನು ಬೈಯಲು ಬಾಯಿ ಬರಲಿಲ್ಲ, ಅವರು ಎರಡು ದಿನ ಊಟ ಬಿಟ್ಟಿದ್ದರು.

ಭಾನುವಾರ ಚಿಕ್ಕತ್ತೆ ಬಂದರು. ಪಾಪ, ಸಮಾಧಾನ ಹೇಳಲು ಬಂದಿದ್ದಾರೆ ಅಂದುಕೊಂಡು ಕಾಫಿ ಮಾಡಿಕೊಟ್ಟೆ. ಕುಡಿದು, ಬ್ಯಾಗಿನಿಂದ ಮಗನ ಗೃಹಪ್ರವೇಶದ ಪತ್ರಿಕೆ ತೆಗೆದರು. ಅದರ ಹಿಂದೆಯೇ ಒಂದು ನೋಟ್‌ಬುಕ್ಕು. ಯಾರ್‍ಯಾರು ಎಷ್ಟೆಷ್ಟು ಸಲ ಒತ್ತಿದರು ಅಂತ ಹೆಸರು ಸಮೇತ ಬರೆದಿದ್ದರು.

"ನಾನೊಬ್ಳೇ ನಲವತ್ತೆರಡು ಸಲ ಒತ್ತಿವ್ನಿ ನೋಡವ್ವ" ಅಂದರು. "ಬರೋ ತಿಂಗ್ಳು ನಮ್ಮನೆ ಕಾರ್ಯ. ನಮಗೆ ಬ್ಲಾಗು ಗೀಗು ಇಲ್ಲ, ನೀನು ಕಾಸಲ್ಲೇ ಮಾಡ್ಬುಡು."