ಎಲೆಕ್ಟ್ರಾನಿನ ಬೆಳೆ ನೋಡಲು ಬಂದ ಮಾವ

ಕಣ್ಣಿಗೆ ಕಾಣದ ವಸ್ತುವನ್ನು ಎಣಿಸಲು ಹೊರಟವನು ಮನೆಯವರಿಂದ ಮರ್ಯಾದೆ ನಿರೀಕ್ಷಿಸಬಾರದು. ನಾನು ನಿರೀಕ್ಷಿಸಿದ್ದೆ. ಹುಣಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನನ್ನನ್ನು ನಂಬಿ, ಮೈಸೂರಿನ ನನ್ನ ಹಳೆಯ ಪ್ರೊಫೆಸರು ಒಂದು ಗಾಜಿನ ಕೊಳವೆ, ವಿದ್ಯುತ್ತನ್ನು ಅಳೆಯುವ ಒಂದು ಎಲೆಕ್ಟ್ರೋಮೀಟರು ಮತ್ತು ರಾಶಿ ಬ್ಯಾಟರಿಗಳನ್ನು ನನ್ನ ಮನೆಗೆ ಕಳುಹಿಸಿದ್ದರು. ಅಳತೆ ಸರಿಬಂದರೆ ಕಾಲೇಜಿನಲ್ಲಿ ಕೆಲಸ ಕೊಡಿಸುವುದಾಗಿಯೂ ಹೇಳಿದ್ದರು. ಕೊಳವೆಯೊಳಗೆ ತೆಳುವಾದ ಗಾಳಿ, ಎದುರುಬದುರಾಗಿ ಎರಡು ತಗಡು. ಬಿಸಿಲು ತಾಗಿದರೆ ಒಂದು ತಗಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಓಡುತ್ತಾ, ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತವೆ. ಈ ಸಂತಾನ ಎಷ್ಟು ಬೆಳೆಯಿತೆಂದು ಎಲೆಕ್ಟ್ರೋಮೀಟರಿನ ಮುಳ್ಳು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ.

ಮೂರು ದಿನ ಎಲ್ಲವೂ ಸುಸೂತ್ರವಾಗಿತ್ತು. ನಾಲ್ಕನೆಯ ದಿನ ಪಿರಿಯಾಪಟ್ಟಣದ ಕಡೆಯಿಂದ ನನ್ನ ಮಾವ ಬಂದರು. ಹೊಗೆಸೊಪ್ಪು ಬೆಳೆಯುವವರು, ಬೆಳೆ ಎಂದರೆ ಬಿಡುವವರಲ್ಲ.

"ಇದ್ರೊಳಗೆ ಏನ್ ಬೆಳೀತೀರಿ ಅಳಿಯಂದ್ರೇ?"

"ಎಲೆಕ್ಟ್ರಾನು. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ."

"ಕಣ್ಗೆ ಕಾಣ್ತದಾ?"

"ಇಲ್ಲ."

"ಅಂಗಾದ್ರೆ ಎಷ್ಟಾದ್ರೇನು ಬುಡಿ," ಎಂದರು. ಆದರೂ ಮಾಗಿಯ ಒಣ ಚಳಿಗೆ ಕಂಬಳಿ ಹೊದ್ದು, ಗಳಿಗೆಗೊಮ್ಮೆ ಬಂದು ಇಣುಕುತ್ತಿದ್ದರು.

ಅಂದಿನಿಂದಲೇ ಮುಳ್ಳು ಹುಚ್ಚೆದ್ದು ಕುಣಿಯತೊಡಗಿತು. ಒಮ್ಮೊಮ್ಮೆ ಎಲೆಕ್ಟ್ರಾನುಗಳು ಇದ್ದಕ್ಕಿದ್ದಂತೆ ನೂರ್ಮಡಿಯಾದಂತೆ! ಯಾರೂ ಕಾಣದ್ದನ್ನು ನಾನು ಕಂಡೆನೆಂದು ಪ್ರೊಫೆಸರಿಗೆ ನಾಲ್ಕು ಹಾಳೆಯ ಕಾಗದ ಬರೆದೆ. ಅವರು ಶನಿವಾರದ ಬಸ್ಸಿಗೇ ಬಂದಿಳಿದರು. ದೊಡ್ಡವರ ಮುಂದೆ ಕೂರುವುದು ಹೇಗೆಂದು ಮಾವ ಹಿತ್ತಲು ಸೇರಿದರು.

ಎರಡು ಗಂಟೆ ಕಾದೆವು. ಮುಳ್ಳು ಪಾಠ ಒಪ್ಪಿಸುವ ಜಾಣ ಹುಡುಗನಂತೆ ನಿಯಮ ತಪ್ಪದೆ ನಡೆಯಿತು. ನಾನು ಬ್ಯಾಟರಿಯ ತಂತಿಗಳನ್ನು ಮತ್ತೊಮ್ಮೆ ಬಿಗಿದೆ. ಪ್ರೊಫೆಸರು ನನ್ನ ಮುಖ ನೋಡಿ, "ಈ ಕೋಣೆಗೆ ಬೇರೆ ಯಾರು ಬರ್ತಾರೆ?" ಎಂದರು. ಮಾವನನ್ನು ಕರೆಸಿದೆ. ಅವರು ಕಂಬಳಿ ಕೊಡವಿಕೊಂಡು ಹೊಸ್ತಿಲು ದಾಟಿದರೋ ಇಲ್ಲವೋ, ಮುಳ್ಳು ಎಗರಿ ಗೋಡೆ ನೋಡಿತು!

ಉಣ್ಣೆ ಉಜ್ಜಿದರೆ ವಿದ್ಯುತ್ತು ಹುಟ್ಟುತ್ತದೆಂದು ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಬೋಧಿಸುತ್ತಿದ್ದವನು ನಾನು. ಆದರೂ ಕಂಬಳಿಯಂಥ ಹೊರಗಿನ ವಿದ್ಯುತ್ತು ತಾಗದಂತೆ ಎಲೆಕ್ಟ್ರೋಮೀಟರಿನ ತಂತಿಗೆ ತಗಡಿನ ಹೊದಿಕೆ ಹಾಕಿರಲಿಲ್ಲ. ಪ್ರೊಫೆಸರು ಹೊಟ್ಟೆ ಹಿಡಿದು ನಕ್ಕರು. ಮಾವ ಗಾಬರಿಯಾಗಿ, "ನಾನೇನೂ ಮುಟ್ಟಿಲ್ಲ ಕಣ್ರಪ್ಪಾ!" ಎಂದರು.

ತಂತಿಗೆ ಹೊದಿಕೆ ಬಿತ್ತು, ಅಳತೆಯೂ ಸರಿಬಂತು. ಪ್ರೊಫೆಸರು ಬೆನ್ನು ತಟ್ಟಿ ಹೋದರು. ಕಾಲೇಜಿನ ಮಾತನ್ನು ಮಾತ್ರ ಎತ್ತಲಿಲ್ಲ.

ಊಟ ಬಡಿಸುತ್ತಾ ಹೆಂಡತಿ ಮೆಲ್ಲಗೆ, "ಅಪ್ಪ ಬಂದಾಗ್ಲೆಲ್ಲ ಆ ಮುಳ್ಳು ಕುಣೀತಿತ್ತು. ನಾನು ಮೊದಲ್ನೇ ದಿನವೇ ನೋಡಿದ್ದೆ ಕಣ್ರೀ," ಎಂದಳು.

"ಮತ್ತೆ ಹೇಳಬಾರದಾಗಿತ್ತೇ?"

"ನೀವು ಅಷ್ಟು ಖುಷಿಯಾಗಿದ್ರಲ್ಲ, ಯಾಕೆ ಕೆಡಿಸೋದು ಅಂತ ಸುಮ್ನಾದೆ."

ಸೋಮವಾರ ತರಗತಿಯಲ್ಲಿ ನಾನು ಮಾಡಬೇಕಾಗಿದ್ದ ಪಾಠ 'ಸೂಕ್ಷ್ಮ ಅವಲೋಕನದ ಮಹತ್ವ'. ತಲೆನೋವೆಂದು ರಜೆ ಹಾಕಿದೆ.